‘ಹೆದರಿ ಬಿಟ್ಟ’ ಲೆಫ್ಟ್ ಔಟ್: ಒಂದು ಹಳೇ ಮಂಡಿಯ ಪ್ರಕರಣ ಅಧ್ಯಯನ

ಈ ಪ್ರಕರಣದ ವ್ಯಕ್ತಿಗೆ 41 ವರ್ಷ. ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರು. ಅವರ ಅಪ್ಪನೂ ಅದೇ ತೋಟದಲ್ಲಿ ಅದೇ ಕೆಲಸ ಮಾಡಿ ನಿವೃತ್ತರಾದವರು. ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ತೋಟ, ಶಾಲೆ, ಆಸ್ಪತ್ರೆ ಯಾವುದೂ ಇಲ್ಲಿ ಬರುವುದಿಲ್ಲ. ಹೈಸ್ಕೂಲ್ ಫುಟ್‌ಬಾಲ್ ತಂಡದಲ್ಲಿ ಅವರು ಆಡುತ್ತಿದ್ದ ಜಾಗದ ಹೆಸರನ್ನೇ ಇಟ್ಟು ಲೆಫ್ಟ್ ಔಟ್ ಎಂದು ಕರೆಯುತ್ತೇನೆ. ಮೈದಾನದ ಎಡ ಅಂಚಿನಲ್ಲಿ ಮುಂದೆ ಆಡುವ ಜಾಗ ಅದು, ಈಗಿನ ಹುಡುಗರ ಬಾಯಲ್ಲಿ ಲೆಫ್ಟ್ ವಿಂಗರ್.

ನಾನು ಫಿಸಿಯೋಥೆರಪಿ ಮಾಡುವವಳು. ಇವರಿಗೆ ಆದಂಥ ಗಾಯ ಅಪರೂಪದ್ದೇನಲ್ಲ. ಆದರೆ ಊರಿನವರು ಅದಕ್ಕೆ ‘ಹೆದರಿಕೆ’ ಎಂದು ಹೆಸರಿಟ್ಟರು, ಇವರು ಅದನ್ನು 26 ವರ್ಷ ನಂಬಿಕೊಂಡು ಬಂದರು. ಬರೆಯಬೇಕು ಅನ್ನಿಸಿದ್ದು ಅದಕ್ಕೆ.

ಬಂದ ಕಾರಣ

2025ರ ಜನವರಿ, ರೊಬಸ್ಟಾ ಕೊಯ್ಲು ಶುರುವಾಗಿದ್ದ ಹೊತ್ತು. ಹೆಂಡತಿಯ ಜೊತೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಬೇಕಾದ್ದನ್ನು ಹೇಳಿಬಿಟ್ಟರು: “ತೊಟ್ಟಿಲು ಗುಂಡಿ ದಾಟುವಾಗ ಎಡಗಾಲಿನ ಮಂಡಿ ಕೈ ಕೊಡ್ತು ಮೇಡಂ, ಸ್ವಲ್ಪ ಊದಿದೆ. ಒಂದು ಬೆಲ್ಟ್ ಕೊಡಿ, ಕೊಯ್ಲು ಮುಗಿಯೋ ತನಕ ನಡೀಲಿ.”

ಹೆಂಡತಿ ಸುಮ್ಮನಿರಲಿಲ್ಲ. “ಗುಂಡಿ ಅಲ್ಲ ಮೇಡಂ, ಆನೆ. ಅದನ್ನ ಹೇಳೋದಿಲ್ಲ ಇವರು.”

ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಇದು ಹೊಸ ಮಾತಲ್ಲ. ಆನೆ ಎಲ್ಲಿದೆ ಎಂದು ವಿಚಾರಿಸಿಕೊಂಡೇ ಬೆಳಿಗ್ಗೆ ಆಳುಗಳನ್ನು ಕೆಲಸಕ್ಕೆ ಬಿಡುವುದು. ಆ ದಿನ ವಿಚಾರಿಸಿದ್ದರು, ಇಲ್ಲ ಎಂದಿದ್ದರು, ಆದರೂ ಇತ್ತು. ಕೊಯ್ಯುತ್ತಿದ್ದ ಹೆಂಗಸರು ಚೀಲ ಬಿಟ್ಟು ಓಡಿದರು. ಇವರು ಎರಡು ಹೆಜ್ಜೆ ಓಡಿ ತಿರುಗಿದಾಗ ಮಂಡಿ ಜಾರಿ ಗಿಡದ ಬುಡಕ್ಕೆ ಬಿದ್ದರು. ಆನೆ ಬೇರೆ ಕಡೆ ನಡೆಯಿತು. ಮನೆಯಲ್ಲಿ ಇವರು ಹೇಳಿದ್ದು ಗುಂಡಿಯ ಕತೆ. ನಿಜ ಗೊತ್ತಾದದ್ದು ಕೆಲಸದ ಹೆಂಗಸರಿಂದ.

ಯಾವಾಗಿನಿಂದ ಹೀಗಾಗುತ್ತಿದೆ ಎಂದು ಕೇಳಿದೆ. “ಅದು ಸ್ಕೂಲ್ ದಿನದ್ದು, ಬಿಡಿ” ಅಂದರು. ಬಿಡುವ ಹಾಗಿರಲಿಲ್ಲ. ಎಡ ಮಂಡಿ ವರ್ಷಕ್ಕೆ ಮೂರ್ನಾಲ್ಕು ಸಲ ಹೀಗೆ ಜಾರುತ್ತದೆ, ಎರಡು ದಿನ ಊದುತ್ತದೆ, ಇಳಿಯುತ್ತದೆ. ಇಳಿಜಾರು ಇಳಿಯುವಾಗ ಯಾವಾಗಲೂ ಬಲಗಾಲು ಗಟ್ಟಿಯಾಗಿ ಊರಿಕೊಂಡು ಎಡಗಾಲು ಮುಂದಿಡುತ್ತಾರೆ. ಜೀಪಿನಿಂದ ಇಳಿಯುವಾಗ ಬಾಗಿಲು ಹಿಡಿದು ಬಲಗಾಲು ಊರುತ್ತಾರೆ. ಮೆಣಸು ಕೊಯ್ಯುವ ಬಿದಿರಿನ ಏಣಿ ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಇಷ್ಟನ್ನೂ ಹೇಳಿದ್ದು ಹೆಂಡತಿ. ಗಂಡನ ನಡಿಗೆಯನ್ನು ಆಕೆ ನೋಡಿಟ್ಟುಕೊಂಡಷ್ಟು ಚೆನ್ನಾಗಿ ಯಾವ ಕೇಸ್ ಶೀಟಿನಲ್ಲೂ ನಾನು ಓದಿಲ್ಲ.

1998

ಇವರು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಫ್ರಾನ್ಸ್‌ನಲ್ಲಿ ವಿಶ್ವಕಪ್. ಜೂನ್ 10ಕ್ಕೆ ಶುರುವಾಗಿ ಜುಲೈ 12ಕ್ಕೆ ಮುಗಿಯಿತು. ಕೊಡಗಿಗೆ ಅದು ಜೋರು ಮಳೆಯ ಕಾಲ. ಮರ ಬಿದ್ದು ತಂತಿ ಕಡಿದರೆ ನಾಲ್ಕೈದು ದಿನ ಕರೆಂಟ್ ಕೇಳುವ ಹಾಗಿಲ್ಲ. ಫೈನಲ್ ಶುರುವಾದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೆ. ತೋಟದ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯ ಹುಡುಗರೆಲ್ಲ ಸೇರಿ ಪೇಟೆಯ ಒಬ್ಬ ಅಂಗಡಿಯವರ ಮನೆಯಲ್ಲಿ ಟೀವಿ ಮುಂದೆ ಕೂತಿದ್ದರಂತೆ. ಬ್ರೆಜಿಲ್ 3–0ರಲ್ಲಿ ಸೋತಾಗ ಅರ್ಧ ಜನ ಅತ್ತರು ಅನ್ನುತ್ತಾರೆ. ಲೆಫ್ಟ್ ಔಟ್‌ಗೆ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಎಂದರೆ ಜೀವ. ಆತ ಹಿಂದೆ ನಿಂತು ತಡೆಯುವ ಬ್ಯಾಕ್, ಇವರು ಮುಂದೆ ಆಡುವವರು. ಆದರೂ ಎಡಗಾಲಿನವರು ಎಡಗಾಲಿನವರನ್ನೇ ಮೆಚ್ಚುವುದು ಎಲ್ಲ ಕಡೆಯೂ ಇದ್ದದ್ದೇ.

ಹೊರಗಿನವರಿಗೆ ಕೊಡಗು ಎಂದರೆ ಹಾಕಿ. ತಪ್ಪಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ನಾಡು ಇದು. 1997ರಲ್ಲಿ ಕರಡದಲ್ಲಿ 60 ಕೊಡವ ಕುಟುಂಬಗಳ ತಂಡಗಳಿಂದ ಶುರುವಾದ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಾಗಿ ಗಿನ್ನೆಸ್ ದಾಖಲೆಗೆ ಸೇರಿತು. ಆದರೆ ಸಿದ್ದಾಪುರ, ಸುಂಟಿಕೊಪ್ಪ, ಕುಶಾಲನಗರದ ಕಡೆ ಪೇಟೆಯ ಹುಡುಗರು, ತೋಟದ ಲೈನ್ ಮನೆಯ ಹುಡುಗರು ಒದ್ದು ಬೆಳೆದದ್ದು ಫುಟ್‌ಬಾಲನ್ನು. ಸುಂಟಿಕೊಪ್ಪದ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ನೋಡಲು ಸೇರುವ ಜನರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲಯಾಳ, ತಮಿಳು, ತುಳು, ಕನ್ನಡ, ಕೊಡವ ತಕ್ಕ್ ಎಲ್ಲವೂ ಒಂದೇ ತಂಡದೊಳಗೆ. ಬೈಗುಳ ಮಾತ್ರ ಎಲ್ಲರಿಗೂ ಎಲ್ಲ ಭಾಷೆಯದೂ ಗೊತ್ತು. ಇದನ್ನು ಹೇಳುವುದಕ್ಕೆ ಕಾರಣವಿದೆ. ಹಾಕಿ ಆಡಿ ಗಾಯವಾದವನಿಗೆ ಮದುವೆ ಮನೆಯಲ್ಲಿ ಕೂತು ಅದನ್ನು ಹೇಳಿಕೊಳ್ಳುವ ಹಿರಿಯರು, ಕೇಳುವ ಕಿರಿಯರು ಇದ್ದಾರೆ. ಲೈನ್ ಮನೆಯ ಪಕ್ಕದ ರೈಟರ್ ಕ್ವಾರ್ಟರ್ಸಿನ ಹುಡುಗನ ಫುಟ್‌ಬಾಲ್ ನಿಂತರೆ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಆ ವರ್ಷ ಶಾಲೆಯ ತಂಡ ವಲಯ ಮಟ್ಟ, ತಾಲ್ಲೂಕು ಮಟ್ಟ ಗೆದ್ದು ಜಿಲ್ಲಾ ಮಟ್ಟಕ್ಕೆ ಬಂದಿತ್ತು. ಅಲ್ಲಿಂದ ಮುಂದೆ ಮೈಸೂರು ವಿಭಾಗ, ಆಮೇಲೆ ರಾಜ್ಯ. ಸೆಪ್ಟೆಂಬರ್ ಕೊನೆಯ ವಾರ. ವಾರಗಟ್ಟಲೆ ಸುರಿದ ಮಳೆ ಬಿಟ್ಟು ಮೂರು ದಿನ ಬಿಸಿಲು ಬಿದ್ದಿತ್ತು. ಮೈದಾನ ಮೇಲೆ ಒಣಗಿ ಬಿಗಿಯಾಗಿತ್ತು. ಇವರ ಕಾಲಲ್ಲಿದ್ದ ಸ್ಟಡ್ ಬೂಟು ಇವರದಲ್ಲ. ಹಿಂದಿನ ವರ್ಷ ಶಾಲೆ ಬಿಟ್ಟ ಅಣ್ಣನೊಬ್ಬನದು, ಒಂದು ಸೈಜ್ ದೊಡ್ಡದು. ಮುಂದೆ ಪೇಪರ್ ತುರುಕಿ, ಲೇಸನ್ನು ಅಂಗಾಲಿನ ಕೆಳಗೆ ಒಂದು ಸುತ್ತು ತಂದು ಕಟ್ಟಿದ್ದರು.

ಸೆಮಿಫೈನಲ್, ದ್ವಿತೀಯಾರ್ಧ. ಲೈನಿನ ಪಕ್ಕದಲ್ಲಿ ಚೆಂಡು ಸಿಕ್ಕಿತು. ಎದುರಿಗಿದ್ದ ಬ್ಯಾಕ್‌ಗೆ ಹೊರಗೆ ಹೋಗುವವನಂತೆ ತೋರಿಸಿ, ಎಡಗಾಲನ್ನು ಊರಿ ಒಳಕ್ಕೆ ತಿರುಗಿದರು. ಯಾರೂ ಮುಟ್ಟಿರಲಿಲ್ಲ. ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಮೈ ತಿರುಗಿತು, ಬೂಟು ನೆಲ ಬಿಡಲಿಲ್ಲ. ಮಂಡಿ ಒಳಮುಖವಾಗಿ ಮಡಚಿತು. “ಒಣಗಿದ ಕಡ್ಡಿ ಮುರಿದ ಸದ್ದು ಬಂತು ಮೇಡಂ. ಬ್ಯಾಕ್ ಆಡ್ತಿದ್ದವನಿಗೂ ಕೇಳಿಸಿತು, ಅವನೇ ಮೊದಲು ರೆಫ್ರಿಯನ್ನ ಕರೆದದ್ದು.” ಮೊದಲ ಒಂದೆರಡು ನಿಮಿಷ ಉರಿ, ಆಮೇಲೆ ನೋವು ಅಷ್ಟೇನೂ ಇರಲಿಲ್ಲವಂತೆ. ಎದ್ದು ನಿಂತರು. ಪಿ.ಟಿ. ಸರ್ ಐಸ್ ಕ್ಯಾಂಡಿ ತರಿಸಿ ಇಡಿಸಿದರು. ಮತ್ತೆ ಒಳಗೆ ಹೋಗಿ ಒಂದು ಥ್ರೋ ಹಿಡಿಯಲು ಓಡಿದಾಗ ಕಾಲು ತಮ್ಮದಲ್ಲವೇನೋ ಎಂಬಂತೆ ಸರಿದು ಹೋಯಿತು. ಸಂಜೆ ಮನೆ ಮುಟ್ಟುವ ಹೊತ್ತಿಗೆ ಮಂಡಿ ಚಿಪ್ಪು ಕಾಣದಷ್ಟು ಊತ.

ಇಷ್ಟು ಕೇಳಿದರೆ ಈ ವೃತ್ತಿಯಲ್ಲಿರುವ ಯಾರಾದರೂ ಮಂಡಿ ಮುಟ್ಟುವ ಮೊದಲೇ ಒಂದು ಊಹೆ ಮಾಡುತ್ತಾರೆ. ಮಂಡಿಯ ಒಳಗೆ, ತೊಡೆ ಮೂಳೆಯಿಂದ ಮೊಣಕಾಲಿನ ಕೆಳಗಿನ ಮೂಳೆಗೆ ಓರೆಯಾಗಿ ಹೋಗುವ ಎಸಿಎಲ್ ಎಂಬ ಲಿಗಮೆಂಟ್ ಇದೆ. ಮೂರು ಸೆಂಟಿಮೀಟರಿಗಿಂತ ತುಸು ಉದ್ದ, ಒಂದು ಸೆಂಟಿಮೀಟರಿನಷ್ಟು ಅಗಲ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅಳತೆ ಮೀರಿ ತಿರುಚದಂತೆ ತಡೆಯುವುದು ಇದರ ಕೆಲಸ. ಇದು ಹರಿಯುವ ಪ್ರಸಂಗಗಳಲ್ಲಿ ಸುಮಾರು 70 ಶೇಕಡಾ ಯಾರೂ ಡಿಕ್ಕಿ ಹೊಡೆಯದೆಯೇ ಆಗುತ್ತವೆ: ಓಡುತ್ತಾ ತಟ್ಟನೆ ದಿಕ್ಕು ಬದಲಿಸುವಾಗ, ಹಾರಿ ನೆಲಕ್ಕೆ ಬರುವಾಗ. ಸದ್ದು, ಕೆಲವೇ ಗಂಟೆಗಳಲ್ಲಿ ಊತ, ಮತ್ತೆ ನಿಂತು ಆಡಲು ಹೋದಾಗ ಕಾಲು ಜಾರುವುದು, ಈ ಮೂರೂ ಸೇರಿದರೆ ಎಸಿಎಲ್ ಸಂಶಯ ಮೊದಲು. ಗಂಟೆಗಳೊಳಗೆ ಬರುವ ಊತ ಎಂದರೆ ಸಾಮಾನ್ಯವಾಗಿ ಒಳಗೆ ರಕ್ತ ತುಂಬಿದೆ ಎಂದು ಅರ್ಥ.

ಮಳೆಯಲ್ಲಿ ಆಡಿ ಜಾರಿ ಬಿದ್ದ ಎಂದೇ ಊರಿನವರು ಇವತ್ತಿಗೂ ಹೇಳುತ್ತಾರೆ. ಮಳೆ ಬಂದಿದ್ದರೆ ಪ್ರಾಯಶಃ ಕಾಲು ಉಳಿಯುತ್ತಿತ್ತು. ಒದ್ದೆ ನೆಲದಲ್ಲಿ ಬೂಟು ಜಾರುತ್ತದೆ, ಬಿದ್ದರೆ ಬಟ್ಟೆ ಕೊಳೆಯಾಗುತ್ತದೆ, ಅಷ್ಟೆ. ಒಣಗಿ ಬಿಗಿಯಾದ ನೆಲದಲ್ಲಿ ಸ್ಟಡ್ ಕಚ್ಚಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಫುಟ್‌ಬಾಲ್ ಬಗ್ಗೆ ನಡೆದ ಸಂಶೋಧನೆಗಳಲ್ಲೂ ಒಣ, ಗಟ್ಟಿ ಮೈದಾನಗಳಲ್ಲೇ ಈ ಗಾಯ ಹೆಚ್ಚು ಕಂಡಿತ್ತು.

ಆ ರಾತ್ರಿ ತೋಟದ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ ತೆಗೆದರು. ಮೂಳೆ ಮುರಿದಿಲ್ಲ. ಅಪ್ಪ ಬಸವನಹಳ್ಳಿಯ ದೇವರಿಗೆ ಹೇಳಿಕೊಂಡಿದ್ದ ಹರಕೆಯನ್ನು ಅಲ್ಲೇ ನೆನೆದರಂತೆ. ಕ್ರೇಪ್ ಬ್ಯಾಂಡೇಜ್, ನೋವಿನ ಮಾತ್ರೆ, ಮೂರು ವಾರ ವಿಶ್ರಾಂತಿ. ಉಳುಕು ಎಂದು ಚೀಟಿಯಲ್ಲಿತ್ತು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಕೈಯಿಂದ ಮಾಡುವ ಪರೀಕ್ಷೆಯೂ ಅಷ್ಟು ಊದಿ, ಹೆದರಿ ಬಿಗಿ ಹಿಡಿದ 15 ವರ್ಷದ ಹುಡುಗನ ಮಂಡಿಯಲ್ಲಿ ಸುಲಭವಲ್ಲ. ಊತ ಇಳಿದ ಮೇಲೆ ಇನ್ನೊಮ್ಮೆ ನೋಡಬೇಕಿತ್ತು. ಅದಕ್ಕೆ ಮತ್ತೆ ಹೋಗಬೇಕು ಎಂದು ಮನೆಯವರಿಗೆ ಹೊಳೆಯಲಿಲ್ಲ, ಏಕೆಂದರೆ ಮೂಳೆ ಮುರಿದಿರಲಿಲ್ಲವಲ್ಲ. ಅಮ್ಮ ನಾಟಿ ವೈದ್ಯರ ಹತ್ತಿರ ಎಣ್ಣೆ ತಂದು ತಿಕ್ಕಿದರು. ಊತ ಇಳಿಯಿತು, ನೋವು ಹೋಯಿತು. ಯಾರು ಏನು ಮಾಡಿದ್ದರೂ, ಮಾಡದಿದ್ದರೂ ಅಷ್ಟು ಹೊತ್ತಿಗೆ ಅದು ಇಳಿಯುತ್ತಿತ್ತು. ಆದರೆ ಹೆಸರು ಎಣ್ಣೆಗೆ ಹೋಯಿತು.

ತಂಡ ಆ ಸೆಮಿಫೈನಲ್ ಸೋತಿತು.

ಎರಡನೇ ಸಲ

ಫುಟ್‌ಬಾಲ್ ನಿಂತದ್ದು ಸೆಪ್ಟೆಂಬರಿನಲ್ಲಿ ಎಂದು ಲೆಫ್ಟ್ ಔಟ್ ಹೇಳುತ್ತಾ ಬಂದಿದ್ದರು. ಕೆದಕಿ ಕೇಳಿದಾಗ ಗೊತ್ತಾಯಿತು, ನಿಜವಾಗಿ ನಿಂತದ್ದು ಡಿಸೆಂಬರಿನಲ್ಲಿ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು, ಕ್ರಿಸ್‌ಮಸ್ ರಜೆ. ಪೇಟೆಯಲ್ಲಿ ಸೆವೆನ್ಸ್ ಪಂದ್ಯ, ತಂಡಕ್ಕೆ ಏಳೇ ಜನ. ನೋವಿಲ್ಲ, ಊತವಿಲ್ಲ, ನೇರ ಓಡಿದರೆ ಏನೂ ಆಗುವುದಿಲ್ಲ. ಗುಣವಾಯಿತು ಎಂದು ಎಲ್ಲರೂ ಒಪ್ಪಿದರು; ಪಿ.ಟಿ. ಸರ್ ಒಪ್ಪಿದರು, ಅಪ್ಪ ಒಪ್ಪಿದರು, ಸ್ವತಃ ಇವರೂ ಒಪ್ಪಿದರು. ನೋವು ಹೋದರೆ ಗಾಯ ಹೋಯಿತು ಎಂಬ ಲೆಕ್ಕ ನಮ್ಮಲ್ಲಿ ಎಷ್ಟು ಗಟ್ಟಿ ಎಂದರೆ ಅದನ್ನು ಪ್ರಶ್ನಿಸಬೇಕು ಎಂದೇ ಯಾರಿಗೂ ಅನ್ನಿಸುವುದಿಲ್ಲ. ಚರ್ಮ ಹರಿದರೆ, ಮೂಳೆ ಮುರಿದರೆ ಆ ಲೆಕ್ಕ ಬಹುಮಟ್ಟಿಗೆ ಸರಿ. ಎಸಿಎಲ್ ವಿಷಯದಲ್ಲಿ ಸರಿಯಲ್ಲ. ಅದು ಕೀಲಿನ ದ್ರವದೊಳಗೆ ಇರುವ ಲಿಗಮೆಂಟ್. ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಂತು ಬೆಸುಗೆ ಹಾಕುವ ಅವಕಾಶ ಕಡಿಮೆ. ಪೂರ್ತಿ ಹರಿದದ್ದು ತಾನಾಗಿ ಮೊದಲಿನ ಬಿಗಿಗೆ ಬರುವುದನ್ನು ನೆಚ್ಚಿಕೊಳ್ಳಲಾಗದು. ನೋವು ಮಾತ್ರ ಹೋಗುತ್ತದೆ. ಅಲ್ಲೇ ಮೋಸ.

ಸೆವೆನ್ಸ್‌ನಲ್ಲಿ ಹತ್ತು ನಿಮಿಷ ಚೆನ್ನಾಗಿ ಆಡಿದರು. ಆಮೇಲೆ ಮತ್ತೆ ತಿರುಗುವಾಗ ಮಂಡಿ ಜಾರಿತು. ಈ ಸಲ ಸದ್ದು ಇರಲಿಲ್ಲ, ನೋವು ಜಾಸ್ತಿ. ಕಾಲು ಅರ್ಧ ಮಡಚಿದಲ್ಲೇ ಸಿಕ್ಕಿಕೊಂಡಿತು. ನೇರ ಮಾಡಲು ಎರಡು ದಿನ ಬೇಕಾಯಿತು. ಮೂಳೆಗಳ ನಡುವೆ ಕೂರುವ ಮೆನಿಸ್ಕಸ್ ಎಂಬ ಮೆತ್ತೆ ಹರಿದದ್ದು ಆವತ್ತೇ ಇರಬೇಕು ಎಂಬುದು ನನ್ನ ಅಂದಾಜು. ಎಸಿಎಲ್ ಇಲ್ಲದ ಮಂಡಿ ಒಂದೊಂದು ಸಲ ಜಾರಿದಾಗಲೂ ಪೆಟ್ಟು ತಿನ್ನುವುದು ಆ ಮೆತ್ತೆಯೇ.

ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಬೆಂಚಿನ ಹೊರಗೆ ಕಾಲು ಚಾಚಿ ಬರೆದರು. ಪಿಯುಸಿಗೆ ಸೇರಿದ ಮೇಲೆ ಒಂದೆರಡು ಸಲ ಬೂಟು ಕಟ್ಟಿದರು. ಚೆಂಡು ಬಂದಾಗ ಕಾಲು ಹಿಂಜರಿಯುತ್ತಿತ್ತು. ಬ್ಯಾಕ್ ಎದುರಿಗೆ ಬಂದರೆ ತಿರುಗುವ ಬದಲು ಚೆಂಡನ್ನು ಹಿಂದಕ್ಕೆ ಕೊಟ್ಟುಬಿಡುತ್ತಿದ್ದರು. ಕಟ್ಟೆಯ ಮೇಲೆ ಕೂತವರು ತೀರ್ಮಾನ ಕೊಟ್ಟರು: ಕಾಲಿಗೇನೂ ಆಗಿಲ್ಲ, ಹೆದರಿಕೆ ಹೊಕ್ಕಿದೆ. ಆಮೇಲೆ ಅದು ಇವರ ಹೆಸರಿಗೇ ಅಂಟಿತು. ಹೆದರಿ ಬಿಟ್ಟವನು.

ಪರೀಕ್ಷೆಯಲ್ಲಿ ಕಂಡದ್ದು

ಊತ ಇಳಿಯುವ ತನಕ ಕಾದು, ಮಂಡಿಯನ್ನು 20–30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದು ಕೈಯಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡಿದೆ. ಲಾಕ್‌ಮನ್ ಪರೀಕ್ಷೆ ಎನ್ನುತ್ತಾರೆ. ಬಲಗಾಲಿನಲ್ಲಿ ಟಕ್ಕನೆ ನಿಲ್ಲುತ್ತದೆ. ಎಡಗಾಲಿನಲ್ಲಿ ನಿಲ್ಲುವ ಜಾಗವೇ ಇಲ್ಲ, ಮೆತ್ತಗೆ ಬರುತ್ತಲೇ ಹೋಯಿತು. ಚಿಪ್ಪಿನಿಂದ 10 ಸೆಂ.ಮೀ. ಮೇಲೆ ತೊಡೆಯ ಸುತ್ತಳತೆ ಬಲಗಡೆ 49 ಸೆಂ.ಮೀ., ಎಡಗಡೆ 46. ಎಕ್ಸ್‌ರೇಯಲ್ಲಿ ಮಂಡಿಯ ಒಳಭಾಗದ ಸಂದು ಕಿರಿದಾಗಿ, ಅಂಚಿನಲ್ಲಿ ಮೂಳೆ ಮೊನೆಗಳು ಬೆಳೆದಿದ್ದವು. ಮೈಸೂರಿನಲ್ಲಿ ಮಾಡಿಸಿದ ಎಂಆರ್‌ಐ ಹೇಳಿದ್ದು: ಎಸಿಎಲ್ ಹಿಂದೆಂದೋ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್ಸಿನ ಹಿಂಭಾಗವೂ ಹರಿದಿದೆ, ಸವೆತ ಶುರುವಾಗಿದೆ.

41ಕ್ಕೇ ಸವೆತವೇ ಎಂದು ಹೆಂಡತಿ ಕೇಳಿದರು. ಎಸಿಎಲ್ ಹರಿದ ಸ್ವೀಡನ್ನಿನ ಪುರುಷ ಫುಟ್‌ಬಾಲ್ ಆಟಗಾರರನ್ನು 14 ವರ್ಷದ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿತ್ತು. ಅವರಲ್ಲಿ 78 ಶೇಕಡಾ ಜನರ ಗಾಯಗೊಂಡ ಮಂಡಿಯ ಎಕ್ಸ್‌ರೇಯಲ್ಲಿ ಬದಲಾವಣೆ ಕಂಡಿತ್ತು. ಶಸ್ತ್ರಚಿಕಿತ್ಸೆ ಆದವರು, ಆಗದವರು ಎಂಬ ಭೇದವಿಲ್ಲದೆ. ಹಾಗೆ ನೋಡಿದರೆ ನಮ್ಮ ಲೆಫ್ಟ್ ಔಟ್ ಮಂಡಿ 26 ವರ್ಷ ಇಳಿಜಾರು ತೋಟದಲ್ಲಿ ನಡೆದು ಇಷ್ಟರಲ್ಲೇ ಉಳಿದದ್ದು ಕೆಟ್ಟದ್ದೇನಲ್ಲ.

‘ಹೆದರಿಕೆ’

ರಿಪೋರ್ಟ್ ಬಂದ ದಿನ ಅವರು ಎಂಆರ್‌ಐ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಆಪರೇಶನ್ ವಿಷಯವಲ್ಲ. “ಹಾಗಾದ್ರೆ ಪಿಯುಸಿಯಲ್ಲಿ ಆಡೋಕೆ ಹೋದಾಗಲೂ ಇದು ಹರಿದೇ ಇತ್ತಾ?”

ಇತ್ತು. ಅದಕ್ಕಿಂತ ಹೆಚ್ಚು ಹೇಳಬೇಕಾದ್ದೂ ಇತ್ತು.

ಲಿಗಮೆಂಟ್ ಬರೀ ಹಗ್ಗವಲ್ಲ. ಮಂಡಿ ಯಾವ ಕೋನದಲ್ಲಿದೆ, ಎಷ್ಟು ಎಳೆತ ಬಿದ್ದಿದೆ ಎಂದು ಮಿದುಳಿಗೆ ತಿಳಿಸುವ ನರದ ತುದಿಗಳು ಅದರಲ್ಲಿವೆ. ಅದು ಹರಿದಾಗ ಆ ಸುದ್ದಿಯೂ ಕಡಿಯುತ್ತದೆ. ಜೊತೆಗೆ, ಕೀಲಿನಲ್ಲಿ ಊತ ಇದ್ದಾಗ ಬೆನ್ನುಹುರಿಯ ಮಟ್ಟದಲ್ಲೇ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಅಪ್ಪಣೆ ತಗ್ಗುತ್ತದೆ. 1980ರ ದಶಕದ ಪ್ರಯೋಗಗಳಲ್ಲಿ, ಗಾಯವೇ ಇಲ್ಲದವರ ಮಂಡಿಯೊಳಗೆ ಉಪ್ಪುನೀರು ತುಂಬಿಸಿ ನೋಡಿದ್ದಾರೆ. ತೊಡೆಯ ಒಳಬದಿಯ ಸ್ನಾಯು ಮಂಕಾಗಲು 20–30 ಮಿಲಿಲೀಟರ್ ಸಾಕಾಯಿತು. ಅವರಿಗೆ ನೋವಿಲ್ಲ, ಭಯವಿಲ್ಲ, ಬಿಗಿ ಹಿಡಿಯಬೇಕೆಂಬ ಮನಸ್ಸೂ ಇದೆ. ಆದರೂ ಸ್ನಾಯು ಪೂರ್ತಿ ಹಿಡಿಯುವುದಿಲ್ಲ. ಫ್ಯೂಸ್ ಹೋದ ಮನೆಯಲ್ಲಿ ಬಲ್ಬನ್ನು ಬೈದು ಏನು ಪ್ರಯೋಜನ? ಹೀಗೆ ತಿಂಗಳುಗಟ್ಟಲೆ ಕೆಲಸ ಕಡಿಮೆಯಾದ ಸ್ನಾಯು ಕರಗುತ್ತದೆ. ತೊಡೆಯ ಸುತ್ತಳತೆಯಲ್ಲಿ ಆ ಮೂರು ಸೆಂಟಿಮೀಟರಿನ ವ್ಯತ್ಯಾಸ ಬಂದದ್ದು ಹೀಗೆ.

ಅಂದರೆ ಪಿಯುಸಿ ಮೈದಾನದಲ್ಲಿ ಬ್ಯಾಕ್ ಎದುರು ಬಂದಾಗ ಚೆಂಡನ್ನು ಹಿಂದಕ್ಕೆ ಕೊಟ್ಟದ್ದು, ಆ ಮಂಡಿಯ ಸ್ಥಿತಿಯಲ್ಲಿ ಮಾಡಬಹುದಾಗಿದ್ದ ಅತ್ಯಂತ ಸರಿಯಾದ ಕೆಲಸ. ಇಳಿಯುವಾಗ ಬಲಗಾಲನ್ನು ನೆಚ್ಚಿಕೊಳ್ಳುವುದು, ಏಣಿ ಬಿಟ್ಟದ್ದು, ಎಲ್ಲವೂ ಅದೇ ಸಾಲಿನವು. ಕಾಲು ತನ್ನ ಮಟ್ಟಿಗೆ ಲೆಕ್ಕ ಹಾಕಿ ನಡೆಯುತ್ತಿತ್ತು.

ಭಯ ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಎರಡು ಸಲ ಮಂಡಿ ಜಾರಿ ಬಿದ್ದ ಹುಡುಗನಿಗೆ ಭಯ ಆಗದಿದ್ದರೆ ಅದೇ ಆಶ್ಚರ್ಯ. ಆದರೆ ಭಯ ಗಾಯದಿಂದ ಬಂದದ್ದು. ಊರು ಅದನ್ನು ತಿರುಗಿಸಿ, ಗಾಯವೇ ಇಲ್ಲ, ಇರುವುದು ಭಯ ಎಂದಿತು. ಕಣ್ಣಿಗೆ ಕಾಣುವ ಪ್ಲಾಸ್ಟರ್ ಇದ್ದಿದ್ದರೆ ಯಾರೂ ಹಾಗನ್ನುತ್ತಿರಲಿಲ್ಲ.

ಮಂಡಿ ಗಾಯದವರಿಗೆ ಕೊಡುವ ಕೂಸ್ ಎಂಬ ಪ್ರಶ್ನಾವಳಿಯಲ್ಲಿ ಕೊನೆಯ ಭಾಗದಲ್ಲಿ ಒಂದು ಪ್ರಶ್ನೆ ಬರುತ್ತದೆ: ಮಂಡಿಯ ತೊಂದರೆ ನಿಮ್ಮ ಅರಿವಿಗೆ ಎಷ್ಟು ಸಲ ಬರುತ್ತದೆ? ‘ಎಂದೂ ಇಲ್ಲ’ದಿಂದ ‘ಸದಾ’ ತನಕ ಐದು ಉತ್ತರಗಳು. ನಾನು ಓದಿ ಹೇಳಿದೆ. “ಮಂಡಿ ದಿನಾ ನೆನಪಾಗ್ತದೆ ಮೇಡಂ. ಆಟ ಮಾತ್ರ ನೆನಪಾಗದ ಹಾಗೆ ನೋಡಿಕೊಂಡಿದ್ದೇನೆ.” 1999ರಿಂದ 2022ರ ತನಕ ಇವರು ಒಂದೂ ಫುಟ್‌ಬಾಲ್ ಪಂದ್ಯ ನೋಡಿರಲಿಲ್ಲವಂತೆ. ಪೇಟೆಯಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಕಟ್ಟುವ ದಿನಗಳಲ್ಲಿ ಬೇರೆ ದಾರಿಯಲ್ಲಿ ಮನೆಗೆ ಬರುತ್ತಿದ್ದರು. 2022ರ ಕತಾರ್ ಫೈನಲ್ಲಿಗೆ ಮಗ ಕೈ ಹಿಡಿದು ಎಳೆದು ಕೂರಿಸಿದ.

ಗೋಲಿ ಹೇಳಿದ್ದು

ಇಂಥ ಕತೆಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದ್ದೇ ಇರುತ್ತದೆ. ಕಾಲು ಹೋಗದಿದ್ದರೆ ರಾಜ್ಯ ತಂಡಕ್ಕೆ ಆಡುತ್ತಿದ್ದೆ ಎನ್ನುವ ಒಬ್ಬರು ಪ್ರತಿ ಊರಲ್ಲೂ ಸಿಗುತ್ತಾರೆ. ಲೆಫ್ಟ್ ಔಟ್ ಅನುಮತಿಯಿಂದಲೇ ಆ ತಂಡದ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ಮಾತಾಡಿಸಿದೆ. ಈಗ ಆಟೋ ಓಡಿಸುತ್ತಾರೆ.

“ಸ್ಪೀಡ್ ಇತ್ತು. ಆ ಸ್ಪೀಡ್ ಜಿಲ್ಲೆಯಲ್ಲೇ ಬೇರೆಯವನಿಗೆ ಇರಲಿಲ್ಲ. ಆದರೆ ಪಾಸ್ ಕೊಡ್ತಿರಲಿಲ್ಲ. ತಲೆ ಎತ್ತಿ ನೋಡೋದೇ ಇಲ್ಲ. ವಿಭಾಗ ಮಟ್ಟಕ್ಕೆ ಆರಿಸ್ತಿದ್ರು, ಅಲ್ಲಿಂದ ವಾಪಸ್ ಕಳಿಸ್ತಿದ್ರು.” ಸ್ವಲ್ಪ ತಡೆದು, “ಹೆದರಿದ ಅಂತ ಹೇಳಿದವರಲ್ಲಿ ನಾನೂ ಒಬ್ಬ” ಅಂದರು.

ಈ ಮಾತನ್ನು ಲೆಫ್ಟ್ ಔಟ್‌ಗೆ ಮುಟ್ಟಿಸಿದೆ. ಹೆದರಿಕೆಯ ಮಾತಿಗೆ ಏನೂ ಅನ್ನಲಿಲ್ಲ. ಪಾಸ್ ಕೊಡುತ್ತಿರಲಿಲ್ಲ ಎಂದದ್ದಕ್ಕೆ ಮಾತ್ರ ರೇಗಿ, ತಾಲ್ಲೂಕು ಫೈನಲ್ಲಿನ ಎರಡೂ ಗೋಲು ತಾನು ಕೊಟ್ಟ ಕ್ರಾಸಿನಿಂದ ಬಂದವು ಎಂದು ಹತ್ತು ನಿಮಿಷ ವಾದ ಮಾಡಿದರು. ನನ್ನ ಕ್ಲಿನಿಕ್ಕಿನಲ್ಲಿ ಅವರು ಅಷ್ಟು ಲವಲವಿಕೆಯಿಂದ ಇದ್ದದ್ದು ಅದೇ ಮೊದಲು.

1998ರಲ್ಲೇ ಕಾಯಿಲೆ ಪತ್ತೆಯಾಗಿದ್ದರೆ? ದೊಡ್ಡ ನಗರಗಳಲ್ಲಿ ಎಸಿಎಲ್ ಮರುಜೋಡಣೆ ಆಗಲೂ ಆಗುತ್ತಿತ್ತು. ಆದರೆ 15ರ ಹುಡುಗನ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪಟ್ಟಿ ಇನ್ನೂ ಮುಚ್ಚಿರದಿದ್ದರೆ ಅದರ ಮೂಲಕ ರಂಧ್ರ ಕೊರೆಯಲು ಸರ್ಜನ್ನರು ಹಿಂದೇಟು ಹಾಕುತ್ತಿದ್ದ ಕಾಲ ಅದು. ಆಪರೇಶನ್ ಆದರೂ ಸ್ಪರ್ಧೆಗೆ ಮರಳುವುದು ಗ್ಯಾರಂಟಿಯಲ್ಲ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು ಸುಮಾರು 55 ಶೇಕಡಾ ಮಾತ್ರ. ರಾಜ್ಯ ತಂಡದ ಮಾತನ್ನು ಹಾಗಾಗಿ ನಾನು ಬದಿಗಿಡುತ್ತೇನೆ. ಡಿಸೆಂಬರಿನ ಸೆವೆನ್ಸ್ ತಪ್ಪಿಸಬಹುದಿತ್ತು ಎಂಬುದನ್ನು ಬದಿಗಿಡಲಾರೆ. ನಿನಗೆ ಆಗಿರುವುದು ಇದು, ತಿರುಗುವ ಆಟ ಸದ್ಯ ಬೇಡ, ತೊಡೆ ಗಟ್ಟಿ ಮಾಡಿಕೋ ಎಂದು ಒಬ್ಬರು ಹೇಳಿದ್ದರೆ ಮೆನಿಸ್ಕಸ್ ಬಹುಶಃ ಉಳಿಯುತ್ತಿತ್ತು. ಕೆಟ್ಟ ಹೆಸರಂತೂ ಖಂಡಿತ ಬರುತ್ತಿರಲಿಲ್ಲ.

ಚಿಕಿತ್ಸೆ

ಮೈಸೂರಿನ ಸರ್ಜನ್ ಸದ್ಯ ಆಪರೇಶನ್ ಬೇಡ, ಮೊದಲು ವ್ಯಾಯಾಮ ಎಂದರು. ನನಗೂ ಸರಿ ಕಂಡಿತು. ಸ್ವೀಡನ್ನಿನಲ್ಲಿ ಆಗಷ್ಟೇ ಎಸಿಎಲ್ ಹರಿದ 121 ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೂಡಲೇ ಆಪರೇಶನ್ ಆದವರಿಗೂ, ಮೊದಲು ವ್ಯಾಯಾಮ ಮಾಡಿ ಬೇಕಾದರೆ ಮಾತ್ರ ಆಪರೇಶನ್ ಎಂದವರಿಗೂ ಎರಡು ವರ್ಷದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಇಲ್ಲಿರುವುದು ಹಳೇ ಮಂಡಿ, ಸವೆತ ಬೇರೆ. ಹಾಗಾಗಿ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಅವಸರವಿಲ್ಲ ಎನ್ನಲು ಅದು ಸಾಕು.

ಬೆಲ್ಟ್ ಕೊಟ್ಟೆ, ಕೊಯ್ಲಿನ ಮಟ್ಟಿಗೆ. ವ್ಯಾಯಾಮವನ್ನು ತೋಟಕ್ಕೆ ಹೊಂದಿಸಿಕೊಂಡೆವು. ಬೆಳಿಗ್ಗೆ ಹಾಜರಿ ತೆಗೆಯುವ ಮೊದಲು ಗೋಡೆಗೆ ಒರಗಿ ಕುರ್ಚಿಯ ಭಂಗಿ. ಕಾಫಿ ಒಣಗಿಸುವ ಕಣದ ಅಂಚಿನ ಮೆಟ್ಟಿಲಿನಲ್ಲಿ ಎಡಗಾಲ ಮೇಲೆ ನಿಂತು ಬಲಗಾಲನ್ನು ನಿಧಾನ ಕೆಳಗಿಳಿಸುವುದು, ಮಂಡಿ ಒಳಕ್ಕೆ ವಾಲದಂತೆ. ಸಂಜೆ ಚೀಲ ತೂಕ ಮಾಡಿ ಬರೆಯುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಮಲಗುವ ಮುನ್ನ ಸೊಂಟ ಎತ್ತುವ ವ್ಯಾಯಾಮ, ತೊಡೆಯ ಹಿಂಭಾಗಕ್ಕೆ. ಕೆಳಗಿನ ಮೂಳೆ ಮುಂದೆ ಜಾರದಂತೆ ಎಸಿಎಲ್ ಬದಲು ತಡೆಯಬಲ್ಲದ್ದು ಆ ಹಿಂಭಾಗದ ಸ್ನಾಯುವೇ. ಕಾಫಿ ಹೂವಿನ ಮಳೆ ಬೀಳುವ ಹೊತ್ತಿಗೆ ಮೆಟ್ಟಿಲು ಇಳಿಯುವಾಗಿನ ನಡುಕ ಹೋಗಿತ್ತು. ಮೇ ಕೊನೆಯಲ್ಲಿ ಎಡ ತೊಡೆ 47.5 ಸೆಂ.ಮೀ. ಜನವರಿಯಲ್ಲಿ ಬಿದ್ದ ನಂತರ ಮಂಡಿ ಜಾರಿಲ್ಲ.

ಆನೆಯ ವಿಷಯ ಹೆಂಡತಿಯ ಎದುರೇ ಮಾತಾಡಿದೆವು. ನೇರ ಓಡಬಹುದು, ತಟ್ಟನೆ ತಿರುಗಿದರೆ ಈ ಮಂಡಿಯ ಭರವಸೆ ಇಲ್ಲ. ಆದ್ದರಿಂದ ಒಬ್ಬರೇ ತೋಟದೊಳಗೆ ಹೋಗುವುದು ಬೇಡ, ಹೋದ ಕಡೆ ರಸ್ತೆಯ ದಿಕ್ಕು ಮೊದಲೇ ನೋಡಿಟ್ಟುಕೊಳ್ಳಿ ಎಂದೆ. ಇದು ಫಿಸಿಯೋಥೆರಪಿ ಪುಸ್ತಕದಲ್ಲಿಲ್ಲ, ಆದರೆ ಇಲ್ಲಿ ಬೇಕಾಗುತ್ತದೆ.

ಮಗ ಎಂಟನೇ ಕ್ಲಾಸು. ಸ್ಟಾಪರ್ ಆಡುತ್ತಾನೆ, ಹಿಂದೆ ನಡುವಿನಲ್ಲಿ ನಿಂತು ತಡೆಯುವ ಜಾಗ. ಅವನಿಗಾಗಿ ಲೆಫ್ಟ್ ಔಟ್ ಕೇಳಿದ್ದರಿಂದ, ಫಿಫಾದ ವೈದ್ಯಕೀಯ ಕೇಂದ್ರ ರೂಪಿಸಿದ ‘11+’ ಎಂಬ ವಾರ್ಮ್ ಅಪ್ ಕ್ರಮವನ್ನು ಆ ಶಾಲೆಯ ಪಿ.ಟಿ. ಸರ್‌ಗೆ ತೋರಿಸಿದೆ. 20 ನಿಮಿಷದ್ದು, ವಾರಕ್ಕೆ ಕನಿಷ್ಠ ಎರಡು ಸಲ: ಓಟ, ಒಂಟಿ ಕಾಲಿನ ಸಮತೋಲ, ಹಾರಿ ಮಂಡಿ ಮಡಚಿ ಇಳಿಯುವುದು, ದಿಕ್ಕು ಬದಲಿಸುವುದು. ನಾರ್ವೆಯ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ಇದನ್ನು ಮಾಡಿಸಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಗಿತ್ತು. ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ, ಗಂಭೀರ ಗಾಯಗಳು ಹತ್ತಿರಹತ್ತಿರ ಅರ್ಧ ಕಡಿಮೆಯಾಗಿದ್ದವು. ಪಿ.ಟಿ. ಸರ್‌ಗೆ ಸಿಗುವುದೇ ಒಂದು ಪೀರಿಯಡ್, ಅದರಲ್ಲಿ 20 ನಿಮಿಷ ಇದಕ್ಕೆ ಹೋದರೆ ಹುಡುಗರು ಆಡುವುದು ಯಾವಾಗ ಎಂಬುದು ಅವರ ಪ್ರಶ್ನೆ. ನ್ಯಾಯವೇ. ಶನಿವಾರ ಪೂರ್ತಿ, ಉಳಿದ ದಿನ ಹಾರುವ ಮತ್ತು ಸಮತೋಲದ ಭಾಗ ಮಾತ್ರ ಎಂದು ಒಪ್ಪಿಕೊಂಡೆವು.

ಕಳೆದ ತಪಾಸಣೆಯಲ್ಲಿ ಲೆಫ್ಟ್ ಔಟ್ ಹೊಸ ಅರ್ಜಿ ಹಾಕಿದರು. ಪೇಟೆಯಲ್ಲಿ 40 ದಾಟಿದವರ ಸೆವೆನ್ಸ್ ಮಾಡುತ್ತಾರಂತೆ, ಆ ಆಟೋದವರೇ ಹೇಳಿಕಳಿಸಿದ್ದಾರೆ. ಬೇಡ ಎಂದೆ. “ಲೆಫ್ಟ್ ಔಟ್ ಬೇಡ ಮೇಡಂ, ಗೋಲಿ ನಿಲ್ತೇನೆ.” ಗೋಲಿ ಹಾರಬೇಕಲ್ಲ ಎಂದೆ. “ನಮ್ಮ ವಯಸ್ಸಿನವರು ಒದ್ದದ್ದಕ್ಕೆ ಹಾರೋದೇನು ಬಂತು?” ಹೆಂಡತಿ ನನ್ನ ಕಡೆ. ಮಗ ಅಪ್ಪನ ಕಡೆ. ಪಂದ್ಯ ಡಿಸೆಂಬರಿನಲ್ಲಿ, ಅಷ್ಟರೊಳಗೆ ತೊಡೆ 48.5 ದಾಟಿದರೆ ಮಾತಾಡೋಣ ಎಂದು ಸದ್ಯಕ್ಕೆ ಸಾಗಹಾಕಿದ್ದೇನೆ.